ಹಿಲ್ಕಾಳ ಮುನ್ನೂರ ಎಂಬತ್ತಾರು ಮೆಟ್ಟಿಲು

ಸ್ಕೀ ಜಿಗಿತದ ಬಗ್ಗೆ ಪತ್ರಿಕೆಯವರು ಬರೆಯುವುದೆಲ್ಲ ಗಾಳಿಯಲ್ಲಿರುವ ಆ ಐದಾರು ಸೆಕೆಂಡಿನ ಬಗ್ಗೆ. ಅದಕ್ಕಾಗಿ ಯಾರು ಎಷ್ಟು ಹೊತ್ತು ಹಿಮ ಗೋರಿದರು ಎಂದು ಬರೆದವನನ್ನು ನಾನು ಇನ್ನೂ ಕಂಡಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ನನ್ನ ಹೆಸರು ಓಲವಿ. ನಮ್ಮೂರು ಹರ್ಯುವಾರದಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಗೋಪುರದ ತುದಿಯಿಂದ ಸ್ಕೀ ಮೇಲೆ ಜಾರಿ ಬಂದು ಗಾಳಿಗೆ ಹಾರುವ ನಮ್ಮ ಜಿಗಿತದ ಗುಡ್ಡವನ್ನು ನೋಡಿಕೊಳ್ಳುವವಳು ಹಿಲ್ಕಾ. ವಯಸ್ಸು ಎಪ್ಪತ್ತು. ಬೇರೆ ಊರುಗಳಲ್ಲಿ ಜಿಗಿತಗಾರರನ್ನು ಮೇಲಕ್ಕೊಯ್ಯಲು ಲಿಫ್ಟ್ ಇದೆ, ನಮ್ಮಲ್ಲಿರುವುದು ಬುಡದಿಂದ ಗೋಪುರದ ತುದಿಯವರೆಗೆ ಮುನ್ನೂರ ಎಂಬತ್ತಾರು ಮರದ ಮೆಟ್ಟಿಲು. ನವೆಂಬರಿನಿಂದ ಮಾರ್ಚಿಯವರೆಗೆ ದಿನಾ ಬೆಳಗ್ಗೆ ಅವಳು ತುದಿಗೆ ಹತ್ತಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಗುಡಿಸುತ್ತ ಕೆಳಗಿಳಿಯುತ್ತಾಳೆ. ಬರ್ಚ್ ಮರದ ಕಡ್ಡಿಯ ಪೊರಕೆ, ಬೇಸಿಗೆಯಲ್ಲಿ ಅವಳೇ ಕಟ್ಟಿದ್ದು. ಕ್ಲಬ್ಬಿನ ಅಧ್ಯಕ್ಷ ಒಮ್ಮೆ ಅಂಗಡಿಯಿಂದ ಪ್ಲಾಸ್ಟಿಕ್ ಪೊರಕೆ ತಂದುಕೊಟ್ಟಾಗ, "ಇದ್ರಲ್ಲಿ ನಿನ್ನ ಕಾರು ತೊಳ್ಕೋ, ನನ್ನ ಮೆಟ್ಟಿಲು ಮುಟ್ಟಬೇಡ" ಎಂದು ಅವನ ಕೈಗೇ ವಾಪಸ್ ತುರುಕಿದಳು.

ಅವಳ ಬಾಯಿಗೆ ಹೆದರದವರು ಊರಲ್ಲಿಲ್ಲ. ಸ್ಪರ್ಧೆಯ ದಿನ ನನ್ನ ಕೆಲಸ ಇಳಿಜಾರಿನ ಪಕ್ಕ ಆ ಮೆಟ್ಟಿಲ ಮೇಲೇ ನಿಂತು, ಜಿಗಿದವನ ಪಾದ ಎಲ್ಲಿ ತಗುಲಿತೆಂದು ನೋಡಿ, ದೂರ ಕೂಗಿ ಹೇಳುವುದು. ಈಗ ಕ್ಯಾಮೆರಾ ಅಳೆಯುತ್ತದೆ. ಆದರೂ ಕ್ಯಾಮೆರಾ ಕೈಕೊಟ್ಟರೆ ಇರಲಿ ಎಂದು ನಮ್ಮಂಥ ಮುದುಕರನ್ನು ನಿಲ್ಲಿಸುತ್ತಾರೆ. ಅರ್ಧ ಮೀಟರ್ ತಪ್ಪಿದರೆ ಸಾಕು, ಕೆಳಗಿನಿಂದ ಹಿಲ್ಕಾಳ ದನಿ ಬರುತ್ತದೆ: "ಏ ಓಲವಿ, ಕಣ್ಣು ಅಂಚೆ ಚೀಲದಲ್ಲೇ ಮರ್ತು ಬಂದ್ಯಾ? ಎಂಬತ್ತೆಂಟೂವರೆ ಕಣೋ ಅದು!" ಕ್ಯಾಮೆರಾ ನೋಡಿದರೆ ಎಂಬತ್ತೆಂಟೂವರೆಯೇ ಆಗಿರುತ್ತದೆ.

ಊರಿನ ಮಕ್ಕಳಿಗೆಲ್ಲ ಜಿಗಿಯಲು ಕಲಿಸಿದವಳು ಅವಳೇ. ಅವಳದು ಒಂದೇ ಕಟ್ಟಳೆ: ಹತ್ತೋಕೆ ಮೆಟ್ಟಿಲು, ಇಳಿಯೋಕೆ ಗಾಳಿ. ಮೇಲೆ ಹೋದ ಮೇಲೆ ಕಾಲು ನಡುಗಿದರೆ ನಡುಗಲಿ. "ಹೆದರಿಕೆ ಆಗುತ್ತಾ? ಕೂತ್ಕೋ. ನಾನೂ ಪಕ್ಕ ಕೂತ್ಕೋತೀನಿ, ಸಂಜೆವರೆಗೂ ಕೂರೋಣ. ಆದ್ರೆ ಸ್ಕೀ ಹೆಗಲ ಮೇಲಿಟ್ಕೊಂಡು ಈ ಮೆಟ್ಟಿಲು ಇಳಿಯೋದು ಮಾತ್ರ ಬೇಡ." ಒಮ್ಮೆ ಒಂದು ಎಂಟು ವರ್ಷದ ಹುಡುಗಿಯ ಪಕ್ಕ ಎರಡು ಗಂಟೆ ಕೂತಿದ್ದಳು, ಹೊರಗೆ ಮೈನಸ್ ಹದಿನೆಂಟು. ಕೊನೆಗೆ ಹುಡುಗಿ ಹಾರಿದಳು. ಹಿಲ್ಕಾಳ ಕಾಲದಲ್ಲಿ, ಕಳೆದ ಮಾರ್ಚಿಯವರೆಗೆ, ಸ್ಕೀ ಹೊತ್ತು ಮೆಟ್ಟಿಲಿಳಿದವರು ಒಬ್ಬರೂ ಇರಲಿಲ್ಲ.

ಈ ಕಟ್ಟಳೆ ಎಲ್ಲಿಂದ ಬಂತೆಂದು ಈಗಿನವರಿಗೆ ಗೊತ್ತಿಲ್ಲ. ನನಗೆ ಗೊತ್ತು.

ಸಾವಿರದ ಒಂಬೈನೂರ ಅರವತ್ತೆಂಟರ ಮಾರ್ಚಿ. ಹುಡುಗಿಯರು ಜಿಗಿದರೆ ಗರ್ಭಕೋಶ ಜಾರುತ್ತದೆ ಎಂದು ಡಾಕ್ಟರರೇ ಹೇಳುತ್ತಿದ್ದ ಕಾಲ. ಮಕ್ಕಳ ಸ್ಪರ್ಧೆಯ ದಿನ ಹಿಲ್ಕಾಳ ತಮ್ಮ ವೇಯ್ಕೊಗೆ ಜ್ವರ. ಅವನ ನಂಬರ್ ಬಟ್ಟೆ ಕಟ್ಟಿಕೊಂಡು, ಜಡೆಯನ್ನು ಟೋಪಿಯೊಳಗೆ ತುಂಬಿಕೊಂಡು ಇವಳು ಹೋದಳು. ಆಗ ಅವಳಿಗೆ ಹದಿಮೂರು. ಮೊದಲ ಸುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಹುಡುಗರನ್ನು ಹಿಂದೆ ಹಾಕಿದಳು. ಎರಡನೇ ಸುತ್ತಿಗೆ ಮೇಲೆ ನಿಂತಾಗ ಜಡೆ ಹೊರಬಿತ್ತು. ಆಗಿನ ಅಧ್ಯಕ್ಷ ಮೈಕಿನಲ್ಲೇ ಹೇಳಿದ: "ಹದಿನೇಳನೇ ನಂಬರು ಮೆಟ್ಟಿಲಿಳ್ಕೊಂಡು ಬರ್ಲಿ. ಅದು ಹೆಣ್ಣು."

ತನಗಿಂತ ಉದ್ದದ ಸ್ಕೀ ಹೆಗಲ ಮೇಲಿಟ್ಟುಕೊಂಡು ಅವಳು ಊರೆಲ್ಲ ನೋಡುತ್ತಿರುವಾಗ ಇಳಿದು ಬಂದಳು. ನಡುವೆ ಮೆಟ್ಟಿಲು ತಿರುಗುವ ಜಾಗದಲ್ಲಿ ಕಾಲು ಜಾರಿ ಮೊಣಕಾಲ ಮೇಲೆ ಬಿದ್ದಳು. ಜನ ನಕ್ಕರು. ನಕ್ಕವರಲ್ಲಿ ನಾನೂ ಇದ್ದೆ. ಅವಳು ನನ್ನನ್ನು ನೋಡಿದಳೋ ಇಲ್ಲವೋ ಆಗ ತಿಳಿಯಲಿಲ್ಲ. ಕಳೆದ ಮಾರ್ಚಿಯವರೆಗೆ ಆ ದಿನದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ವೇಯ್ಕೊ ಈಗಿಲ್ಲ. ಅವನ ಮಗ ಮಿಸ್ಕಾ ಒಂಬತ್ತನೇ ವಯಸ್ಸಿನಿಂದ ಸೋದರತ್ತೆ ಹಿಲ್ಕಾಳ ಮನೆಯಲ್ಲೇ ಬೆಳೆದವನು. ಬೇಸಿಗೆಯಲ್ಲಿ ಚಾವಣಿಗಳಿಗೆ ತಗಡು ಹೊದಿಸುತ್ತಾನೆ, ಚಳಿಗಾಲದಲ್ಲಿ ಹಾರುತ್ತಾನೆ. ಇಪ್ಪತ್ತೆಂಟು ವರ್ಷ, ಎರಡು ಸಲ ಕೊಯ್ದು ಹೊಲಿದ ಮೊಣಕಾಲು. ವಿಶ್ವಕಪ್‌ನಲ್ಲಿ ಒಮ್ಮೆಯೂ ಹಾರಿಲ್ಲ. ಅವನು ಹಾರುವುದು ಅದರ ಕೆಳಗಿನ ಕಾಂಟಿನೆಂಟಲ್ ಕಪ್‌ನಲ್ಲಿ. ನಾವು ಅದನ್ನು ಎರಡನೇ ಪಂಕ್ತಿ ಎನ್ನುತ್ತೇವೆ. ಮೊದಲ ಪಂಕ್ತಿಗೆ ಟಿ.ವಿ., ದೀಪ, ಇಪ್ಪತ್ತು ಸಾವಿರ ಜನ. ಎರಡನೇ ಪಂಕ್ತಿಗೆ ಹನ್ನೆರಡು ಜನ ಮತ್ತು ಯಾರದೋ ನಾಯಿ. ಗುಡ್ಡ ಅದೇ, ಗಾಳಿ ಅದೇ, ಬಿದ್ದರೆ ಮುರಿಯುವ ಮೂಳೆಯೂ ಅದೇ.

ಮಿಸ್ಕಾನ ಆಸೆ ದೊಡ್ಡದೇನಲ್ಲ. ಒಂದು ಸಲ, ಒಂದೇ ಒಂದು ಸಲ, ಮೊದಲ ಪಂಕ್ತಿಯಲ್ಲಿ ಕೂರಬೇಕು. ಅದಕ್ಕೆ ದಾರಿಯೂ ಇದೆ. ಎರಡನೇ ಪಂಕ್ತಿಯ ಋತುವನ್ನು ಕೆಲವು ಕಂತು ಮಾಡಿರುತ್ತಾರೆ, ಒಂದೊಂದು ಕಂತಿನಲ್ಲೂ ಹಲವು ಸ್ಪರ್ಧೆ. ಒಂದು ಕಂತಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದವನ ದೇಶಕ್ಕೆ ವಿಶ್ವಕಪ್‌ನಲ್ಲಿ ಒಂದು ಜಾಗ ಹೆಚ್ಚಿಗೆ ಸಿಗುತ್ತದೆ. ಗಮನಿಸಿ, ದೇಶಕ್ಕೆ. ಗಳಿಸಿದವನಿಗಲ್ಲ. ಆ ಜಾಗದಲ್ಲಿ ಯಾರನ್ನು ಕೂರಿಸಬೇಕೆಂಬುದು ಮುಖ್ಯ ತರಬೇತುದಾರನ ಕೈಯಲ್ಲಿ. ಈ ನಿಯಮ ಬರೆದವನ ಕೈಗೆ ಒಂದು ದಿನ ಹಿಲ್ಕಾಳ ಪೊರಕೆ ಕೊಡಬೇಕು.

ಕಳೆದ ಚಳಿಗಾಲ ತಂಡದ ವ್ಯಾನ್ ಓಡಿಸಲು ಆಳಿಲ್ಲವೆಂದು ನಾನೇ ಹೋದೆ. ಡಿಸೆಂಬರಿನಲ್ಲಿ ನಾರ್ವೆ, ಆಮೇಲೆ ಸ್ವಿಟ್ಜರ್ಲೆಂಡ್. ಊಟ ಎಂದರೆ ಹೋಟೆಲಿನ ಬೇಯಿಸಿದ ಪಾಸ್ತಾ, ಅದರಲ್ಲೂ ಮಿಸ್ಕಾ ಅರ್ಧ ತಟ್ಟೆ ಬಿಡುತ್ತಿದ್ದ. ಜಿಗಿತಗಾರನ ಹೊಟ್ಟೆ ತುಂಬಿದರೆ ಅವನು ಬೇಗ ನೆಲಕ್ಕೆ ಬರುತ್ತಾನೆ. ಸ್ವಿಟ್ಜರ್ಲೆಂಡಿನ ಎರಡನೇ ದಿನ ಮಿಸ್ಕಾ ಗೆದ್ದ. ಮೊದಲ ಕಂತು ಅವನದಾಯಿತು. ನಾನು ವ್ಯಾನಿನ ಹಾರನ್ ಎಷ್ಟು ಹೊಡೆದೆನೆಂದರೆ ಹೋಟೆಲಿನವಳು ಬಂದು ಬೈದಳು.

ಮಾರನೆಯ ದಿನ ದಾರಿಯಲ್ಲಿ ಫೋನ್ ಬಂತು. ಮುಖ್ಯ ತರಬೇತುದಾರ ತಾರ್ಮೊ. ದಕ್ಷಿಣದವನು, ಮಾತಿನಲ್ಲಿ ಸಕ್ಕರೆ. ಮಿಸ್ಕಾ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟ.

"ಭೇಷ್ ಮಿಸ್ಕಾ, ಭೇಷ್! ನೋಡು, ಈ ಸಲದ ಜಾಗಕ್ಕೆ ಯೂಸೋನ ಕಳಿಸೋಣ ಅಂತ ಆಗಿದೆ. ಅವನಿಗಿನ್ನೂ ಹತ್ತೊಂಬತ್ತು. ಭವಿಷ್ಯ ನೋಡ್ಬೇಕಲ್ಲ? ಮುಂದಿನ ಕಂತು ಗೆಲ್ಲು, ಅದು ನಿಂದೇ."

"ನಂದೇನಾ?"

"ನಿಂದೇ ಅಂತೀನಲ್ಲ ಮಾರಾಯ."

ಮಿಸ್ಕಾ ಫೋನ್ ಜೇಬಿಗೆ ಹಾಕಿಕೊಂಡ. "ಓಲವಿ, ಮುಂದೆ ಎಡಕ್ಕೆ ತಿರುಗಬೇಕು" ಎಂದ. ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ಎಡಕ್ಕೆ ತಿರುಗುವುದು ಮರೆತು ನಲವತ್ತು ಕಿಲೋಮೀಟರ್ ಸುತ್ತು ಹಾಕಿದೆ.

ಊರಿಗೆ ಬಂದದ್ದು ಗುರುವಾರ. ಗುರುವಾರವೆಂದ ಮೇಲೆ ಹಿಲ್ಕಾಳ ಮನೆಯಲ್ಲಿ ಬಟಾಣಿ ಸೂಪು. ಅವಳು ಸೌಟು ಹಿಡಿದುಕೊಂಡೇ ಎಲ್ಲ ಕೇಳಿದಳು.

"ಭವಿಷ್ಯ ಅಂತೆ ಭವಿಷ್ಯ! ಇಪ್ಪತ್ತೆಂಟಕ್ಕೆ ಮನುಷ್ಯ ಸತ್ತುಹೋಗ್ತಾನಾ? ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರ್ಕೊಂಡ್ತಂತೆ."

"ಬಿಡು ಅತ್ತೆ. ಯೂಸೊ ಏನ್ ಮಾಡ್ತಾನೆ ಪಾಪ. ಮುಂದಿನದು ನಂದೇ ಅಂದಿದಾರಲ್ಲ."

"ಅಂದಿದಾರೆ! ಮೂಗಿಗೆ ತುಪ್ಪ ಸವರಿದಾರೆ. ನೆಕ್ಕು ನೋಡೋಣ, ನಾಲಿಗೆ ಎಟುಕುತ್ತಾ?"

"ನೀನೊಬ್ಳು. ಸೂಪು ಹಾಕು."

"ಅರ್ಧ ಬಟ್ಲು ಸಾಕು ನಿಂಗೆ. ಹಾರೋನು ನೀನು." ಹೀಗೆ ಹೇಳಿ ಬಟ್ಟಲು ತುಂಬಾ ಹಾಕಿದಳು.

ಜನವರಿಯಲ್ಲಿ ಜರ್ಮನಿ. ಮಂಜು, ಎದುರುಗಾಳಿ, ಸ್ಕೀ ಜಾರಿ ಬರುವ ಹಳಿಯಲ್ಲಿ ನೀರು. ಒಂದು ದಿನ ಸ್ಪರ್ಧೆಯನ್ನು ಮೂರು ಸಲ ನಿಲ್ಲಿಸಿ ನಾಲ್ಕನೇ ಸಲ ಮುಗಿಸಿದರು. ಮಿಸ್ಕಾನ ಮೊಣಕಾಲು ಊದಿತ್ತು, ಹಿಮದ ಚೀಲ ಕಟ್ಟಿಕೊಂಡು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿರುತ್ತಿದ್ದ. ಆದರೂ ಆ ಕಂತನ್ನೂ ಗೆದ್ದ. ಈ ಸಲ ತಾರ್ಮೊ ಫೋನ್ ಮಾಡುವ ಗೋಜಿಗೂ ಹೋಗಲಿಲ್ಲ, ಎರಡು ಸಾಲಿನ ಸಂದೇಶ ಕಳಿಸಿದ. ತೀರ್ಮಾನ ಬಹಳ ಕಷ್ಟದ್ದಾಗಿತ್ತಂತೆ. ಯೂಸೊಗೆ ಈಗಷ್ಟೇ ಲಯ ಸಿಗುತ್ತಿದೆಯಂತೆ, ನಡುವೆ ತೆಗೆಯಬಾರದಂತೆ. ಆ ಲಯದಲ್ಲಿ ಯೂಸೊ ಆರು ಸ್ಪರ್ಧೆ ಹಾರಿ ಐದರಲ್ಲಿ ಮೊದಲ ಸುತ್ತಿಗೇ ಹೊರಬಿದ್ದಿದ್ದ. ಅವನು ಕೆಟ್ಟ ಹುಡುಗನಲ್ಲ. ಮಿಸ್ಕಾ ಎದುರಾದರೆ ಬೂಟಿನ ದಾರ ಕಟ್ಟಿಕೊಳ್ಳುವವನ ಹಾಗೆ ಬಗ್ಗಿಬಿಡುತ್ತಿದ್ದ.

ಹಿಲ್ಕಾ ತಾರ್ಮೊಗೆ ಫೋನ್ ಹಚ್ಚಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ನಮ್ಮ ಕಡೆ ಎಲ್ಲರಿಗೂ ಏಕವಚನ, ಮಂತ್ರಿಯಾದರೂ ಸರಿ, ಹಸು ಕಾಯುವವನಾದರೂ ಸರಿ. ಬಹುವಚನ ಬಂತೆಂದರೆ ಏನೋ ಕೇಡು ಕಾದಿದೆ ಎಂದೇ ಅರ್ಥ.

"ಹಿಲ್ಕಾ, ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತೆ" ಎಂದ ತಾರ್ಮೊ.

"ನನಗೆ ಬೇಜಾರಿಲ್ಲ, ಸಿಟ್ಟು. ಎರಡಕ್ಕೂ ವ್ಯತ್ಯಾಸ ಕಲ್ತ್ಕೋ."

"ಮಾರ್ಚಿಯಲ್ಲಿ ಕೊನೇ ಕಂತು ನಿಮ್ಮೂರಲ್ಲೇ ಮುಗಿಯೋದು. ಅದನ್ನ ಮಿಸ್ಕಾ ಗೆದ್ರೆ ಋತುವಿನ ಕೊನೇ ವಿಶ್ವಕಪ್‌ಗೆ ಅವನೇ ಹೋಗ್ತಾನೆ. ನನ್ನ ಮಾತು."

"ನಿನ್ನ ಮಾತು ಎಷ್ಟು ತೂಗುತ್ತೆ ಅಂತ ಎರಡು ಸಲ ನೋಡಾಯ್ತು. ಮೂರನೇ ಸಲಾನೂ ನೋಡೋಣ."

ಫೆಬ್ರವರಿಯಲ್ಲಿ ಒಂದು ದಿನ ವ್ಯಾನಿನಲ್ಲಿ ಮಿಸ್ಕಾನನ್ನು ಕೇಳಿದೆ, ಇಷ್ಟಾದರೂ ಯಾಕೆ ಹಾರುತ್ತೀ ಎಂದು. ಅವನು ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ಅತ್ತೆ ಒಂದ್ಸಲ ನಾನು ಅಲ್ಲಿ ಹಾರೋದನ್ನ ನೋಡ್ಲಿ. ಆಮೇಲೆ ತಗಡು ಹೊಡ್ಕೊಂಡು ಇರ್ತೀನಿ."

ಮಾರ್ಚಿ ಬಂತು. ಊರಿನ ಸ್ಪರ್ಧೆ ಎಂದರೆ ಇಡೀ ಊರಿಗೆ ಮುಯ್ಯಾಳು. ಶಾಲೆಯ ಮೇಷ್ಟ್ರಿಂದ ಹಿಡಿದು ಬ್ಯಾಂಕಿನವಳವರೆಗೆ ಎಲ್ಲರೂ ಕಾಲಿಗೆ ಸ್ಕೀ ಕಟ್ಟಿಕೊಂಡು ಅಡ್ಡಡ್ಡ ನಿಂತು ಇಳಿಜಾರಿನ ಹಿಮವನ್ನು ತುಳಿದು ಗಟ್ಟಿ ಮಾಡಿದೆವು. ಶನಿವಾರ ಮಿಸ್ಕಾ ಗೆದ್ದ. ಭಾನುವಾರ ಮೊದಲ ಸುತ್ತಿನಲ್ಲೂ ಅವನೇ ಮುಂದೆ. ಎರಡನೇ ಸುತ್ತಿನಲ್ಲಿ ಕೊನೆಯವನಾಗಿ ಹಾರಬೇಕು. ಚೆನ್ನಾಗಿ ಹಾರಬೇಕೆಂದೂ ಇಲ್ಲ, ಸುಮಾರಾಗಿ ಹಾರಿ ನೆಟ್ಟಗೆ ನಿಂತರೆ ಕಂತು ಅವನದು. ಮಧ್ಯಾಹ್ನದಿಂದ ಹಿಮ ಬೀಳುತ್ತಿತ್ತು, ಗಾಳಿ ಇರಲಿಲ್ಲ. ಹಾರುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇಡ.

ಎರಡು ಸುತ್ತಿನ ನಡುವೆ ನಾನು ಕಾಫಿಗೆಂದು ಬುಡದ ಕೋಣೆಗೆ ಇಳಿದೆ. ಹಿಲ್ಕಾ ಏಲಕ್ಕಿ ಬನ್ನು ಹಂಚುತ್ತಿದ್ದಳು. ಮೂಲೆಯಲ್ಲಿ, ಕೋಟುಗಳು ನೇತುಹಾಕಿದ ಗೂಟದ ಹಿಂದೆ, ಮಿಸ್ಕಾ ಬಗ್ಗಿ ಬೂಟು ಬಿಗಿಯುತ್ತಿದ್ದ. ತಾರ್ಮೊ ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಬಂದ. ಜಿಗಿತಗಾರರೆಲ್ಲ ಮೇಲೆ ಹೋಗಿದ್ದಾರೆಂದೇ ಅವನ ಲೆಕ್ಕ.

"ಹೌದು, ಬುಧವಾರದ ವಿಮಾನ. ಯೂಸೊ ಹೆಸರಿಗೇ ಮಾಡಿ. ಇಲ್ಲ ಇಲ್ಲ, ಇನ್ನು ಬದಲಾಗಲ್ಲ. ಜಾಗ ಬಂದಂಗೇ ಲೆಕ್ಕ, ಮಿಸ್ಕಾ ಗೆದ್ದುಕೊಡ್ತಾನೆ."

ಗೂಟದ ಹಿಂದೆ ಬೂಟಿನ ಸದ್ದಾಯಿತು. ತಾರ್ಮೊ ತಿರುಗಿ ನೋಡಿದ.

"ಮಿಸ್ಕಾ! ನೀವು ಇಲ್ಲೇ ಇದ್ದೀರಾ?"

"ಇಲ್ಲೇ ಇದ್ದೀನಿ."

"ನೋಡಿ, ತಂಡ ಅಂದ್ಮೇಲೆ ಹೀಗೆಲ್ಲ ಇರುತ್ತೆ. ಜಾಗ ದೇಶದ್ದು. ನಿಮ್ಮ ಶ್ರಮಾನ ಯಾರೂ ಮರೆಯಲ್ಲ. ಈಗ ಎಂಬತ್ತೈದು ಮೀಟರ್ ಹಾರಿದ್ರೂ ಸಾಕು, ಜಾಸ್ತಿ ತಲೆ ಕೆಡಿಸ್ಕೋಬೇಡಿ."

ಹಿಲ್ಕಾ ಬನ್ನಿನ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ತಾರ್ಮೊ, ಅವನಿನ್ನೂ ಹಾರೇ ಇಲ್ಲ. ಆಗ್ಲೇ ಅವನ ಜಾಗಕ್ಕೆ ಬೇರೆಯವನ ಟಿಕೆಟ್ ತೆಗ್ದಿದ್ದೀಯಲ್ಲೋ. ನಾಚಿಕೆ ಅನ್ನೋದು ಹತ್ರಾನೂ ಸುಳಿದಿಲ್ವಾ ನಿನ್ನ?"

"ಹಿಲ್ಕಾ, ಇದು ನಿಮಗೆ ಅರ್ಥ ಆಗೋ ವಿಷಯ ಅಲ್ಲ. ನೀವು ನಿಮ್ಮ ಮೆಟ್ಟಿಲು ನೋಡ್ಕೊಳ್ಳಿ."

ನನ್ನ ಕೈಯಲ್ಲಿ ಬಿಸಿ ಕಾಫಿ ಇತ್ತು. ಅದನ್ನು ಅವನ ಮುಖಕ್ಕೆ ಎರಚದೆ ಕುಡಿದದ್ದಕ್ಕೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ. ಮಿಸ್ಕಾ ಎದ್ದ. ಉಡುಪಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡ. ಅತ್ತೆಯ ಮುಖ ನೋಡಿದ. ಅವಳು ಹಾರು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನು ಸ್ಕೀ ಹೊತ್ತು ಮೆಟ್ಟಿಲು ಹತ್ತಿದ.

ನಾನು ನನ್ನ ಜಾಗಕ್ಕೆ ಹೋಗಿ ನಿಂತೆ. ಒಬ್ಬೊಬ್ಬರಾಗಿ ಹಾರಿದರು. ಕೊನೆಗೆ ಮಿಸ್ಕಾ ಹೊರಗೆ ಬಂದು, ಗೋಪುರದ ತುದಿಯಲ್ಲಿ ಹೊರಡುವವರು ಕೂರುವ ಹಲಗೆಯ ಮೇಲೆ ಕೂತ. ಹಸಿರು ದೀಪ ಹತ್ತಿತು, ಅದು ಕೆಂಪಾಗುವುದರೊಳಗೆ ಹೊರಡದಿದ್ದರೆ ಆ ಜಿಗಿತ ಲೆಕ್ಕಕ್ಕಿಲ್ಲ. ತರಬೇತುದಾರರ ಕಟ್ಟೆಯಿಂದ ತಾರ್ಮೊ ಹೊರಡು ಎಂದು ಬಾವುಟ ಬೀಸಿದ. ಮಿಸ್ಕಾ ಕದಲಲಿಲ್ಲ. ತಾರ್ಮೊ ಮತ್ತೊಮ್ಮೆ ಬೀಸಿದ. ಐದು ಸೆಕೆಂಡ್ ಉಳಿದಿದ್ದಾಗ ಮಿಸ್ಕಾ ಹಲಗೆಯ ಮೇಲೆ ಪಕ್ಕಕ್ಕೆ ಸರಿದು ಎದ್ದು ನಿಂತ. ದೀಪ ಕೆಂಪಾಯಿತು.

ಆಮೇಲೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ಆ ಜಾಗ ಆಸ್ಟ್ರಿಯಾದವರ ಪಾಲಾಯಿತು. ಬುಧವಾರದ ಟಿಕೆಟ್ ರದ್ದಾಯಿತು. ಮಿಸ್ಕಾನನ್ನು ಒಂದು ವರ್ಷ ಎಲ್ಲ ಸ್ಪರ್ಧೆಗಳಿಂದ ಹೊರಗಿಟ್ಟರು. ಆ ಮೊಣಕಾಲಿಗೆ ಒಂದು ವರ್ಷವೆಂದರೆ ಮುಗಿಯಿತೆಂದೇ ಅರ್ಥ. ಅವನಿಗೆ ಅದೆಲ್ಲ ಮೇಲೆ ಕೂತಿದ್ದಾಗಲೇ ಗೊತ್ತಿತ್ತು. ಪತ್ರಿಕೆಯವರು ಅವನಿಗೆ ಹೆದರಿಕೆಯಾಯಿತೆಂದು ಬರೆದರು. ಬರೆಯಲಿ, ಅವರ ಮನೆ ಹಾಳಾಗ.

ಗೋಪುರದ ಬಾಗಿಲು ತೆರೆಯಿತು. ಸ್ಕೀ ಹೆಗಲ ಮೇಲಿಟ್ಟುಕೊಂಡು ಮಿಸ್ಕಾ ಮೆಟ್ಟಿಲಿಳಿಯತೊಡಗಿದ. ಕೆಳಗೆ ನಾನೂರು ಜನ ತಲೆಯೆತ್ತಿ ನೋಡಿದರು. ಆಮೇಲೆ ಕಾರು ನಿಲ್ಲಿಸುವ ಕಡೆಯಿಂದ ಯಾರೋ ಸಿಳ್ಳೆ ಹಾಕಿದ, ಇಬ್ಬರು ಮೂವರು ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತು. ಹನ್ನೆರಡನೇ ವಯಸ್ಸಿನಲ್ಲಿ ಅದು ನನ್ನ ಬಾಯಿಂದಲೇ ಬಂದಿತ್ತು.

ತಾರ್ಮೊ ಕಟ್ಟೆಯಿಂದ ಧುಮುಕಿ ಮೆಟ್ಟಿಲ ಬುಡಕ್ಕೆ ಓಡಿ ಬಂದ. "ಏ, ಹುಚ್ಚು ಹಿಡಿದಿದ್ಯೇನೋ ನಿಂಗೆ? ವಾಪಸ್ ಹತ್ತೋ!" ಬಹುವಚನ ಎಲ್ಲಿ ಹೋಯಿತೋ. ಅಷ್ಟರಲ್ಲಿ ಹಿಲ್ಕಾ ಕೋಣೆಯಿಂದ ಪೊರಕೆ ತೆಗೆದುಕೊಂಡು ಹೊರಬಂದಳು. ಮೆಟ್ಟಿಲ ಮೇಲೆ ನಾಲ್ಕು ಬೆರಳು ಹೊಸ ಹಿಮ ಕೂತಿತ್ತು. ಜೀವಮಾನವೆಲ್ಲ ಮೇಲಿನಿಂದ ಕೆಳಕ್ಕೆ ಗುಡಿಸಿದವಳು ಅವತ್ತು ಕೆಳಗಿನಿಂದ ಮೇಲಕ್ಕೆ ಗುಡಿಸತೊಡಗಿದಳು.

"ಜರುಗು" ಎಂದಳು ತಾರ್ಮೊಗೆ.

"ಹಿಲ್ಕಾ, ಅವನಿಗೆ ನೀನಾದ್ರೂ ಹೇಳು, ಇನ್ನೂ ನಾನು ತೀರ್ಪುಗಾರರ ಹತ್ರ ಮಾತಾಡಿ..."

"ಮೆಟ್ಟಿಲು ನೋಡ್ಕೊಳ್ಳಿ ಅಂದ್ಯಲ್ಲ. ನೋಡ್ಕೋತಿದ್ದೀನಿ. ಜರುಗು."

ಅವನು ಜರುಗಿದ. ಒಂದು, ಎರಡು, ಮೂರು. ಎಪ್ಪತ್ತು ವರ್ಷದ ಬೆನ್ನು, ಪ್ರತಿ ಮೆಟ್ಟಿಲಿಗೂ ಬಗ್ಗಿ, ಎಡಕ್ಕೊಂದು ಬಲಕ್ಕೊಂದು ಬೀಸು. ನಕ್ಕವರು ನಿಲ್ಲಿಸಿದರು. ಪೊರಕೆಯ ಸದ್ದು ಇಡೀ ಗುಡ್ಡಕ್ಕೆ ಕೇಳುತ್ತಿತ್ತು. ನಾನು ನಿಂತಿದ್ದಲ್ಲಿಗೆ ಬರುವಷ್ಟರಲ್ಲಿ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಪೊರಕೆ ಊರಿಕೊಂಡು ನಿಂತು ನನ್ನನ್ನು ನೋಡಿದಳು. ನನ್ನ ಪಕ್ಕ ಹಿಮದ ಸಲಿಕೆ ಒರಗಿಸಿಟ್ಟಿತ್ತು. ಅದನ್ನೆತ್ತಿ ನನ್ನ ಎದೆಗೆ ಒತ್ತಿದಳು.

"ಆವತ್ತು ನಕ್ಕಿದ್ದೆ. ಇವತ್ತು ಗೋರು."

ಐವತ್ತೇಳು ವರ್ಷ ಅವಳು ಅದನ್ನು ಒಳಗೇ ಇಟ್ಟುಕೊಂಡಿದ್ದಳು. ದಿನಾ ಅವಳ ಮನೆಗೆ ಅಂಚೆ ಹಾಕಿದ್ದೇನೆ, ಅವಳ ಸೂಪು ಕುಡಿದಿದ್ದೇನೆ. ಅವಳಿಗಿಂತ ಒಂದು ಮೆಟ್ಟಿಲು ಮುಂದೆ ಹೋಗಿ ಗೋರತೊಡಗಿದೆ. ನಾನು ಗೋರಿದ್ದರ ಹಿಂದೆ ಅವಳು ಗುಡಿಸುತ್ತ ಬಂದಳು. ಮೇಲಿನಿಂದ ಮಿಸ್ಕಾನ ಗಟ್ಟಿ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಮೆಟ್ಟಿಲು ತಿರುಗುವ ಜಾಗಕ್ಕೆ ಅವನು ಬಂದಾಗ ನಮಗೂ ಅವನಿಗೂ ನಡುವೆ ಹತ್ತೋ ಹನ್ನೆರಡೋ ಮೆಟ್ಟಿಲು ಉಳಿದಿದ್ದವು.

"ಮಿಸ್ಕಾ" ಎಂದು ಹಿಲ್ಕಾ ಕೂಗಿದಳು. "ಅಲ್ಲಿ ಎಡಗಡೆ ಕಂಬಿ ಹಿಡ್ಕೋ ಮಗಾ. ಅಲ್ಲಿ ಜಾರುತ್ತೆ."

ಅವನು ಸ್ಕೀಗಳನ್ನು ಬಲ ಹೆಗಲಿಗೆ ಬದಲಾಯಿಸಿಕೊಂಡು ಎಡಗಡೆಯ ಕಂಬಿ ಹಿಡಿದುಕೊಂಡ.